ಅಜ್ಜಿಯ ಕರು ಬಂತೋ ಇಲ್ಲವೋ: ಯುದ್ಧ, ಗಲಭೆ ಕಂಡ ಮಕ್ಕಳ ಕಥೆಯಲ್ಲಿ ಭರವಸೆ ಎಲ್ಲಿರುತ್ತದೆ?

ನಮ್ಮಜ್ಜಿ ಒಂದೇ ಕಥೆಯನ್ನು ಎರಡು ಥರ ಹೇಳುತ್ತಿದ್ದಳು.

ಕಥೆ 1948ರ ಬೇಸಿಗೆಯದು. ಆಗ ಅವಳಿಗೆ ಹನ್ನೊಂದೋ ಹನ್ನೆರಡೋ ವಯಸ್ಸು. ಗಂಗಾವತಿ ಹತ್ತಿರದ ಹಳ್ಳಿ. ಹೈದರಾಬಾದ್ ನಿಜಾಮನ ಪರ ನಿಂತಿದ್ದ ರಜಾಕಾರರು ಬರುತ್ತಾರೆ ಅಂತ ಸುದ್ದಿ ಬಂದ ರಾತ್ರಿ ಮನೆಯವರೆಲ್ಲ ಹೊಳೆ ಕಡೆ ಹೊರಟರು. ಹೊಳೆ ದಾಟಿದರೆ ಕಂಪ್ಲಿ, ಅಲ್ಲಿ ಬೇರೆ ಸರ್ಕಾರ. ಅವಳ ಬಗಲಲ್ಲಿ ಎರಡು ವರ್ಷದ ತಮ್ಮ. ಅವನು ಅಳಬಾರದು ಅಂತ ಬಾಯಿಗೆ ಬೆಲ್ಲದ ಚೂರು ಇಟ್ಟಿದ್ದರು. ಅರ್ಧ ದಾರಿಗೆ ಬಂದ ಮೇಲೆ ಅವಳಿಗೆ ನೆನಪಾಯಿತು, ಕರು ಬಿಚ್ಚಿಲ್ಲ. ಎತ್ತು ಎಮ್ಮೆ ಬಿಚ್ಚಿ ಬಿಡುವುದು ದೊಡ್ಡವರ ಕೆಲಸ. ಕರು ಬಿಚ್ಚುವುದು ಅವಳ ಕೆಲಸ. ಗೋದಲಿ ಪಕ್ಕದ ಗೂಟಕ್ಕೆ ಕಣ್ಣಿ ಹಾಕಿದ್ದು ಹಾಕಿದ ಹಾಗೇ ಇತ್ತು.

ನಾವು ಸಣ್ಣವರಿದ್ದಾಗ 'ಆಮ್ಯಾಲೆ ಕರ ಏನಾತಜ್ಜಿ?' ಅಂತ ಕೇಳಿದರೆ, 'ಕಣ್ಣಿ ಹರಕೊಂಡು ನಮ್ಮ ಹಿಂದ ಬಂತು. ಹೊಳಿ ದಂಡಿಗೆ ನಿಂತು ಅಂಬಾ ಅಂತು' ಅನ್ನುತ್ತಿದ್ದಳು. ನಾವು ಖುಷಿಯಾಗಿ ಮಲಗುತ್ತಿದ್ದೆವು. ಅದೇ ಕಥೆಯನ್ನು ಓರಗೆಯ ಹೆಂಗಸರ ಜೊತೆ ಶೇಂಗಾ ಸುಲಿಯುತ್ತಾ ಹೇಳುವಾಗ ಕರು ಬರುತ್ತಿರಲಿಲ್ಲ. 'ಬಿಚ್ಚಲಿಲ್ಲ ನೋಡವ್ವಾ' ಅನ್ನುತ್ತಿದ್ದಳು. ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ಯಾರೂ ಮುಂದೆ ಕೇಳುತ್ತಿರಲಿಲ್ಲ. ಶೇಂಗಾ ಸುಲಿಯುವ ಸದ್ದು ಮಾತ್ರ.

ಬಹಳ ದಿನ ನಾನು ಇದರಲ್ಲಿ ಒಂದು ನಿಜ, ಒಂದು ಸುಳ್ಳು ಅಂದುಕೊಂಡಿದ್ದೆ. ಆಮೇಲೆ ಬೇರೆ ಬೇರೆ ದೇಶದ ಮಕ್ಕಳ ಕಥೆ ಓದುತ್ತಾ ಹೋದೆ. ಯುದ್ಧ ದಾಟಿದವರು, ಊರು ಬಿಟ್ಟವರು, ಅಡಗಿ ಕೂತವರು. ಎಷ್ಟೋ ಕಥೆಗಳಲ್ಲಿ ಒಂದು ಕರು ಇದೆ. ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ. ಅದು ಯಾಕೆ ಹಾಗೆ ಅನ್ನುವುದನ್ನು ಬಿಡಿಸಿ ನೋಡೋಣ ಅಂತ ಈ ಲೇಖನ.

ಮೊದಲು ಆ ಕಾಲದ ಬಗ್ಗೆ ಎರಡು ಮಾತು. ಬೆಂಗಳೂರು, ಮೈಸೂರು ಕಡೆಯವರಿಗೆ ಇದು ಅಷ್ಟಾಗಿ ಗೊತ್ತಿರುವುದಿಲ್ಲ. 1947ರ ಆಗಸ್ಟ್ 15ಕ್ಕೆ ದೇಶಕ್ಕೆ ಸ್ವಾತಂತ್ರ್ಯ ಬಂತು, ನಮ್ಮ ಕಡೆಗೆ ಬರಲಿಲ್ಲ. ರಾಯಚೂರು, ಕೊಪ್ಪಳ ಎರಡೂ ಹೈದರಾಬಾದ್ ನಿಜಾಮನ ರಾಜ್ಯದಲ್ಲಿದ್ದವು. ಹೊಳೆಯಾಚೆಯ ಬಳ್ಳಾರಿ, ಹೊಸಪೇಟೆ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ನಡುವೆ ತುಂಗಭದ್ರೆಯೇ ಗಡಿ. ನಿಜಾಮ ಭಾರತಕ್ಕೆ ಸೇರಲು ಒಪ್ಪಲಿಲ್ಲ. ಕಾಸಿಂ ರಜ್ವಿಯ ರಜಾಕಾರ್ ಪಡೆ ಹಳ್ಳಿಗಳಲ್ಲಿ ಲೂಟಿ, ಕೊಲೆ ನಡೆಸಿತು. ಜನ ಗಡಿ ದಾಟಿ ಓಡಿದರು. ಮುಂಡರಗಿ, ಗಜೇಂದ್ರಗಡದಂಥ ಊರುಗಳಲ್ಲಿ ಹೋರಾಟದ ಶಿಬಿರಗಳು ಎದ್ದವು. ಅಲ್ಲಿದ್ದವರಲ್ಲಿ ಜಾಸ್ತಿ ಮಂದಿ ಹುಡುಗರೇ. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಗೆ ಬಂತು, 17ಕ್ಕೆ ನಿಜಾಮ ಸೋಲೊಪ್ಪಿದ. ನಮ್ಮ ಹಿರಿಯರ ಬಾಯಲ್ಲಿ ಅದು 'ಪೊಲೀಸ್ ಆ್ಯಕ್ಷನ್'. ಈಗಲೂ ಸೆಪ್ಟೆಂಬರ್ 17ಕ್ಕೆ ಇಲ್ಲಿ ಧ್ವಜ ಹಾರುತ್ತದೆ.

ಧ್ವಜ ಹಾರಿಸುವ ದಿನ ಹೇಳದ ಇನ್ನೊಂದು ಭಾಗ ಇದೆ. ಸೇನೆ ಬಂದ ಮೇಲೆ ಹೈದರಾಬಾದ್ ರಾಜ್ಯದ ಎಷ್ಟೋ ಕಡೆ, ರಜಾಕಾರರ ಜೊತೆ ಸಂಬಂಧವೇ ಇಲ್ಲದ ಸಾಮಾನ್ಯ ಮುಸ್ಲಿಮರ ಮೇಲೆ ಸೇಡು ತೀರಿಸಿಕೊಂಡರು. ಕೇಂದ್ರ ಸರ್ಕಾರ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ, 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದು ಅಂತ ಅಂದಾಜು ಮಾಡಿತು. ಆ ವರದಿ ದಶಕಗಟ್ಟಲೆ ಹೊರಗೆ ಬರಲಿಲ್ಲ. ನಮ್ಮೂರ ಪಿಂಜಾರ ಓಣಿಯಲ್ಲಿ ಒಬ್ಬ ಅಜ್ಜ ಇದ್ದ. ಅವನಿಗೂ ಆಗ ಅಜ್ಜಿಯಷ್ಟೇ ವಯಸ್ಸು. ಅಜ್ಜಿ ಓಡಿದ್ದು ಬೇಸಿಗೆಯಲ್ಲಿ. ಅವನು ಅವ್ವನ ಜೊತೆ ಅಡಗಿ ಕೂತಿದ್ದು ಮಳೆಗಾಲದ ಕೊನೆಗೆ, ಎದೆಯುದ್ದ ಬೆಳೆದ ಸಜ್ಜೆ ಹೊಲದಲ್ಲಿ. ಅಜ್ಜಿಯ ಕಥೆಗೆ ಶಾಲೆಯ ಮೈಕು ಸಿಕ್ಕಿತು. ಅವನ ಕಥೆಗೆ ಕಟ್ಟೆ ಮೇಲೆ ಕೂತ ನಾಲ್ಕು ಜನ ಸಿಕ್ಕರು, ಅದೂ ಸಂಜೆ ಕತ್ತಲಾದ ಮೇಲೆ. ಯಾರ ಕಥೆ ಭರವಸೆಯ ಕಥೆ ಆಗಬೇಕು, ಯಾರದು ಬಾಯೊಳಗೇ ಉಳಿಯಬೇಕು ಅನ್ನುವುದನ್ನು ಬದುಕುಳಿದವರು ತೀರ್ಮಾನ ಮಾಡುವುದಿಲ್ಲ. ಊರು, ಸರ್ಕಾರ, ಪಠ್ಯಪುಸ್ತಕ ಸೇರಿ ತೀರ್ಮಾನ ಮಾಡುತ್ತವೆ.

ಇಲ್ಲೊಂದು ತಮಾಷೆಯ ಸಂಗತಿ ಹೇಳದೆ ಇರಲಾರೆ. ಅಜ್ಜಿ ದಾಟಿದ ಆ ಹೊಳೆಗೆ ಮೂರು ವರ್ಷ ಮೊದಲು, 1945ರ ಫೆಬ್ರವರಿ 28ಕ್ಕೆ, ಎರಡೂ ದಂಡೆಯಲ್ಲಿ ಅಣೆಕಟ್ಟೆಯ ಅಡಿಗಲ್ಲು ಇಟ್ಟಿದ್ದರು. ಹೈದರಾಬಾದ್ ಕಡೆ ನಿಜಾಮನ ಹಿರಿಯ ಮಗ ಬೇರಾರ್ ರಾಜಕುಮಾರ, ಮದ್ರಾಸ್ ಕಡೆ ಗವರ್ನರ್. ಗವರ್ನರ್ ಹೆಸರು ಸರ್ ಆರ್ಥರ್ ಹೋಪ್. ಹೋಪ್ ಅಂದರೆ ಭರವಸೆ! ಕಲ್ಲು ಇಟ್ಟಿದ್ದೇನೋ ಆಯಿತು, ಕೆಲಸ ಮಾತ್ರ ಗಲಾಟೆ ಮುಗಿಯುವ ತನಕ ಕುಂಟುತ್ತಲೇ ಇತ್ತು.

ಈಗ ಭರವಸೆಯ ವಿಷಯಕ್ಕೆ ಬರೋಣ.

ಆಡುಮಾತಿನಲ್ಲಿ ಭರವಸೆ ಅಂದರೆ 'ಎಲ್ಲಾ ಒಳ್ಳೇದಾಗುತ್ತೆ' ಅನ್ನುವ ನಂಬಿಕೆ. ಮನಃಶಾಸ್ತ್ರದವರು ಅಷ್ಟಕ್ಕೆ ಒಪ್ಪುವುದಿಲ್ಲ. ಸಿ.ಆರ್. ಸ್ನೈಡರ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞ 1990ರ ದಶಕದಲ್ಲಿ ಇದನ್ನು ಸರಳವಾಗಿ ಬಿಡಿಸಿ ಹೇಳಿದರು. ಅವರ ಪ್ರಕಾರ ಎದುರಿಗೆ ಒಂದು ಗುರಿ ಇರಬೇಕು. ಆ ಗುರಿಗೆ ಹೋಗುವ ದಾರಿ ಕಾಣಬೇಕು, ಒಂದು ಮುಚ್ಚಿದರೆ ಇನ್ನೊಂದು ಹೊಳೆಯಬೇಕು. ಆ ದಾರಿಯಲ್ಲಿ ನಡೆಯುವ ಶಕ್ತಿ ನನಗಿದೆ ಅನ್ನಿಸಬೇಕು. ಇವೆಲ್ಲ ಕೂಡಿದರೆ ಭರವಸೆ. ಗುರಿ ದೊಡ್ಡದೇ ಆಗಬೇಕಿಲ್ಲ. ತಮ್ಮನ ಬಾಯಿಂದ ಸದ್ದು ಬರದ ಹಾಗೆ ಹೊಳೆ ಮುಟ್ಟಿಸುವುದು ಒಂದು ಗುರಿ. ಬೆಲ್ಲದ ಚೂರು ಒಂದು ದಾರಿ.

ಹೀಗೆ ನೋಡಿದರೆ ಆ್ಯನ್ ಫ್ರಾಂಕ್ ಕಥೆ ಬೇರೆ ಥರ ಕಾಣುತ್ತದೆ. ಹದಿಮೂರನೇ ಹುಟ್ಟುಹಬ್ಬಕ್ಕೆ, 1942ರ ಜೂನ್ 12ರಂದು, ಡೈರಿ ಸಿಕ್ಕ ಯಹೂದಿ ಹುಡುಗಿ. ಅದೇ ಜುಲೈನಲ್ಲಿ ಕುಟುಂಬ ನಾಜಿಗಳ ಕೈಗೆ ಸಿಗದ ಹಾಗೆ ನೆದರ್ಲೆಂಡ್ಸಿನ ಆಮ್‌ಸ್ಟರ್‌ಡಾಮಿನ ಒಂದು ಕಟ್ಟಡದ ಹಿಂಭಾಗದಲ್ಲಿ ಅಡಗಿತು. ಬೇರೆಯವರೂ ಸೇರಿ ಎಂಟು ಜನ, ಎರಡು ವರ್ಷದ ಮೇಲೆ. ಅವಳ ಒಂದು ಮಾತು ಎಲ್ಲರಿಗೂ ಗೊತ್ತು: ಇಷ್ಟೆಲ್ಲ ಆದರೂ ಜನ ಮನಸ್ಸಿನಲ್ಲಿ ಒಳ್ಳೆಯವರೇ ಅಂತ ನಾನು ನಂಬುತ್ತೇನೆ. ಶಾಲೆಗಳ ಗೋಡೆ ಮೇಲೆ, ಪೋಸ್ಟರಿನಲ್ಲಿ ಅದೇ ಮಾತು. ಅದನ್ನು ಬರೆದಿದ್ದು 1944ರ ಜುಲೈ 15ಕ್ಕೆ. ಅದೇ ದಿನ, ಅದೇ ಪುಟದಲ್ಲಿ, ಪ್ರಪಂಚ ಮೆಲ್ಲಗೆ ಕಾಡಾಗುತ್ತಿರುವುದು ಕಾಣುತ್ತಿದೆ, ನಮ್ಮನ್ನೂ ನಾಶ ಮಾಡುವ ಗುಡುಗು ಹತ್ತಿರ ಬರುತ್ತಿರುವುದು ಕೇಳುತ್ತಿದೆ ಅಂತಲೂ ಬರೆದಿದ್ದಾಳೆ. ಈ ಸಾಲು ಪೋಸ್ಟರಿಗೆ ಬರಲಿಲ್ಲ. ಇಪ್ಪತ್ತು ದಿನಕ್ಕೆ, ಆಗಸ್ಟ್ 4ರಂದು, ಅವರೆಲ್ಲ ಸಿಕ್ಕಿಬಿದ್ದರು. ಎಂಟು ಜನರಲ್ಲಿ ಉಳಿದಿದ್ದು ಅವಳ ಅಪ್ಪ ಒಬ್ಬರೇ.

ನನಗೆ ಆ ಡೈರಿಯ ಭರವಸೆ ಕಾಣುವುದು ಬೇರೆ ಕಡೆ. 1944ರ ಮಾರ್ಚ್ 28ರಂದು ರೇಡಿಯೋದಲ್ಲಿ ಒಂದು ಮಾತು ಬಂತು. ದೇಶ ಬಿಟ್ಟು ಲಂಡನ್ನಿನಲ್ಲಿದ್ದ ಡಚ್ ಸರ್ಕಾರದ ಮಂತ್ರಿಯೊಬ್ಬರು, ಯುದ್ಧ ಮುಗಿದ ಮೇಲೆ ಜನರ ಡೈರಿ, ಪತ್ರಗಳನ್ನು ಸಂಗ್ರಹ ಮಾಡುತ್ತೇವೆ ಅಂದರು. ಅದನ್ನು ಕೇಳಿದ ಆ್ಯನ್, ಮೇ ತಿಂಗಳಿಂದ ತನ್ನ ಡೈರಿಯನ್ನು ಮೊದಲಿಂದ ತಿದ್ದಿ ಬರೆಯಲು ಕೂತಳು. ಹೊರಗೆ ಕಾಲಿಡುವ ಹಾಗಿಲ್ಲ. ಹಗಲಲ್ಲಿ ಸದ್ದು ಮಾಡುವ ಹಾಗಿಲ್ಲ. ಅಂಥಲ್ಲಿ ಹದಿನಾಲ್ಕರ ಹುಡುಗಿ ವಾಕ್ಯ ತಿದ್ದುತ್ತಾ ಕೂರುತ್ತಾಳೆ. ಜನ ಒಳ್ಳೆಯವರು ಅನ್ನುವ ಮಾತು ನಂಬಿಕೆ ಆಯಿತು. ಇದು ಕೆಲಸ. ಒಂದು ದಿನ ಗುಡುಗು ಕೇಳಿಸುತ್ತದೆ, ಅದೇ ದಿನ ಪುಟ ತುಂಬುತ್ತದೆ. ಹತಾಶೆ ಹೋದ ಮೇಲೆ ಭರವಸೆ ಬಂದಿದ್ದಲ್ಲ, ಎರಡೂ ಒಂದೇ ಮೇಜಿನ ಮೇಲೆ ಕೂತಿದ್ದವು.

ಇನ್ನು ಹಿರೋಷಿಮಾದ ಸಡಾಕೋ ಸಸಾಕಿ. ಈ ಕಥೆ ನಮ್ಮ ಶಾಲೆಗಳಲ್ಲೂ ಓಡಾಡುತ್ತದೆ. 1945ರ ಆಗಸ್ಟ್ 6ರಂದು ಬಾಂಬು ಬಿದ್ದಾಗ ಅವಳಿಗೆ ಎರಡು ವರ್ಷ. 1955ರಲ್ಲಿ ರಕ್ತದ ಕ್ಯಾನ್ಸರ್ ಅಂತ ಗೊತ್ತಾಯಿತು. ಸಾವಿರ ಕಾಗದದ ಕೊಕ್ಕರೆ ಮಡಚಿದರೆ ಬೇಡಿದ್ದು ಆಗುತ್ತದೆ ಅನ್ನುವ ನಂಬಿಕೆಯ ಮೇಲೆ ಮಡಚಲು ಶುರು ಮಾಡಿದಳು. ಕಾಗದ ಸಾಲದೆ ಔಷಧಿ ಸುತ್ತಿದ ಹಾಳೆಯನ್ನೂ ಬಿಡಲಿಲ್ಲ. ಅಕ್ಟೋಬರ್ 25ಕ್ಕೆ ತೀರಿಕೊಂಡಳು, ಹನ್ನೆರಡನೇ ವಯಸ್ಸಿಗೆ.

ಮಕ್ಕಳಿಗೆ ಹೇಳುವ ಕಥೆಯಲ್ಲಿ ಅವಳು 644 ಮಡಚಿ ಸಾಯುತ್ತಾಳೆ. ಉಳಿದಿದ್ದನ್ನು ಗೆಳೆಯರು ಮಡಚಿ ಮುಗಿಸುತ್ತಾರೆ. ಕೇಳಲು ಎಷ್ಟು ಚೆಂದ, ಅಲ್ವಾ? ನಡೆದಿದ್ದು ಹಾಗಲ್ಲ. ಆಗಸ್ಟ್ ಮುಗಿಯುವುದರೊಳಗೆ ಅವಳು ಸಾವಿರ ಮುಗಿಸಿದ್ದಳು. ಮುಗಿಸಿ ಮತ್ತೆ ಮಡಚಿದಳು. ಕೊನೆಕೊನೆಗೆ ಇನ್ನೂ ಸಣ್ಣವು, ಸೂಜಿ ಹಿಡಿದು ಮಡಚಬೇಕಾದಷ್ಟು ಸಣ್ಣವು.

ಈ ಎರಡರ ನಡುವಿನ ದೂರ ನೋಡಿ. 644ರ ಕಥೆಯಲ್ಲಿ ನಂಬಿಕೆ ಉಳಿದುಕೊಳ್ಳುತ್ತದೆ: ಸಾವಿರ ಆಗಿದ್ದರೆ ಬದುಕುತ್ತಿದ್ದಳೇನೋ. ನಿಜವಾದ ಕಥೆಯಲ್ಲಿ ನಂಬಿಕೆ ಸೋತಿದೆ. ಸಾವಿರ ಆಗಿದೆ, ಜ್ವರ ಇಳಿದಿಲ್ಲ, ಹುಡುಗಿಗೆ ಅದು ಗೊತ್ತಿದೆ. ಆದರೂ ಬೆರಳು ನಿಂತಿಲ್ಲ. ದೊಡ್ಡವರಿಗೆ ಇದನ್ನು ಮಕ್ಕಳಿಗೆ ಹೇಳುವ ಧೈರ್ಯ ಬರಲಿಲ್ಲ. ನಮ್ಮಜ್ಜಿ ಕರುವಿಗೆ ಹಗ್ಗ ಹರಿಸಿದ ಹಾಗೆ ಇವರು ಲೆಕ್ಕ ಇಳಿಸಿದರು. ನಾನು ಇದನ್ನು ಮೋಸ ಅನ್ನಲಾರೆ. ಆದರೆ ಕೇಳುವ ಮಗುವಿಗಿಂತ ಜಾಸ್ತಿ ಹೇಳುವ ದೊಡ್ಡವರ ಹೆದರಿಕೆ ಅದರಲ್ಲಿದೆ ಅಂತ ನನಗನ್ನಿಸುತ್ತದೆ.

ಕೈಚೆಲ್ಲಿ ಕೂರುವುದು ಅಂದರೆ

ಭರವಸೆ ಬಗ್ಗೆ ಇಷ್ಟು ಮಾತಾಡುವವರು ಹತಾಶೆ ಬಗ್ಗೆ ಮಾತಾಡುವುದು ಕಡಿಮೆ. ಅದೇನೋ ಕಾಯಿಲೆ, ಇಲ್ಲವೇ ದುರ್ಬಲ ಮನಸ್ಸು ಅನ್ನುವ ಹಾಗೆ ನೋಡುತ್ತಾರೆ. ಇಲ್ಲಿ ವಿಜ್ಞಾನ ತನ್ನದೇ ಮಾತನ್ನು ತಿರುಗಿಸಿಕೊಂಡ ಒಂದು ಪ್ರಸಂಗ ಇದೆ.

1967ರಲ್ಲಿ ಮಾರ್ಟಿನ್ ಸೆಲಿಗ್‌ಮನ್, ಸ್ಟೀವನ್ ಮೇಯರ್ ಎಂಬ ಇಬ್ಬರು ಅಮೆರಿಕದಲ್ಲಿ ನಾಯಿಗಳ ಮೇಲೆ ಪ್ರಯೋಗ ಮಾಡಿದರು. ತಪ್ಪಿಸಿಕೊಳ್ಳಲು ಆಗದ ಹಾಗೆ ವಿದ್ಯುತ್ ಶಾಕ್ ಕೊಟ್ಟರು. ಆಮೇಲೆ ತಪ್ಪಿಸಿಕೊಳ್ಳುವ ದಾರಿ ಇಟ್ಟರೂ ಬಹಳಷ್ಟು ನಾಯಿಗಳು ಎದ್ದು ಹೋಗದೆ ಮಲಗಿಯೇ ಇದ್ದವು. (ಇಂಥ ಪ್ರಯೋಗಕ್ಕೆ ಇವತ್ತು ಯಾರೂ ಒಪ್ಪಲಿಕ್ಕಿಲ್ಲ, ಒಪ್ಪಲೂಬಾರದು.) 'ನಾನು ಏನು ಮಾಡಿದರೂ ಅಷ್ಟೇ' ಅನ್ನುವುದನ್ನು ಅವು ಕಲಿತುಬಿಟ್ಟವು ಅಂತ ಇಬ್ಬರೂ ಬರೆದರು. ಕಲಿತ ಅಸಹಾಯಕತೆ ಅಂತ ಅದಕ್ಕೆ ಹೆಸರಾಯಿತು. ದಶಕಗಟ್ಟಲೆ ಕಾಲೇಜುಗಳಲ್ಲಿ ಅದನ್ನೇ ಪಾಠ ಮಾಡಿದರು.

ಸುಮಾರು ಐವತ್ತು ವರ್ಷದ ನಂತರ, 2016ರಲ್ಲಿ, ಅದೇ ಇಬ್ಬರು ಇನ್ನೊಂದು ಲೇಖನ ಬರೆದರು. ಅಷ್ಟರಲ್ಲಿ ಮೇಯರ್ ಮಿದುಳಿನ ಅಧ್ಯಯನಕ್ಕೆ ಇಳಿದಿದ್ದರು. ಲೇಖನದ ಸಾರ ಇಷ್ಟು: ನಾವು ಉಲ್ಟಾ ತಿಳಿದಿದ್ದೆವು. ತುಂಬಾ ಹೊತ್ತು ನೋವು ಬಿದ್ದರೆ ಕೈಚೆಲ್ಲುವುದು ಮಿದುಳಿನ ಸಹಜ ಪ್ರತಿಕ್ರಿಯೆ, ಅದನ್ನು ಯಾರೂ ಕಲಿಯಬೇಕಿಲ್ಲ. ಕಲಿಯಬೇಕಾದ್ದು ಇನ್ನೊಂದು: ನಾನು ಮಾಡಿದ್ದರಿಂದ ಏನೋ ಒಂದು ಬದಲಾಗುತ್ತದೆ ಅನ್ನುವುದು. ಆ ಅನುಭವ ಸಿಕ್ಕಾಗ ಮಿದುಳಿನ ಮುಂಭಾಗ ಕೆಲಸ ಮಾಡಿ ಆ ಸಹಜ ಕುಸಿತವನ್ನು ತಡೆಹಿಡಿಯುತ್ತದೆ.

ಇದನ್ನು ಓದಿದ ಮೇಲೆ ನಾನು ಇಂಥ ಕಥೆಗಳನ್ನು ಓದುವ ರೀತಿಯೇ ಬದಲಾಯಿತು. ಒಬ್ಬ ಹುಡುಗ ಯಾಕೆ ಕುಸಿದ ಅಂತ ಕೇಳುವುದರಲ್ಲಿ ಅರ್ಥ ಇಲ್ಲ. ಅಷ್ಟೆಲ್ಲ ಬಿದ್ದರೆ ಯಾರಾದರೂ ಕುಸಿಯುತ್ತಾರೆ. ಕುಸಿದ ಜಾಗದಲ್ಲಿ ಅವನ ಕೈಗೆ ಏನು ಕೆಲಸ ಸಿಕ್ಕಿತು ಅಂತ ನೋಡಬೇಕು.

ಸರಯೆವೋ ನಗರದ ಮಕ್ಕಳ ನೆನಪುಗಳಲ್ಲಿ ಇದು ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಬೋಸ್ನಿಯಾದ ಆ ನಗರಕ್ಕೆ 1992ರ ಏಪ್ರಿಲ್‌ನಿಂದ 1996ರ ಫೆಬ್ರವರಿ ತನಕ ಮುತ್ತಿಗೆ ಇತ್ತು. 1,425 ದಿನ. ನಲ್ಲಿ ಬತ್ತಿತು, ಕರೆಂಟು ಹೋಯಿತು. ಗುಡ್ಡದ ಮೇಲಿಂದ ಬಂದೂಕು ಹಿಡಿದವರು ಬೀದಿ ದಾಟುವವರಿಗೆ ಗುರಿ ಇಡುತ್ತಿದ್ದರು. ಮಕ್ಕಳು ಡಬ್ಬಿ ಹಿಡಿದು ನೀರು ತಂದರು, ನೆಲಮಾಳಿಗೆಯಲ್ಲಿ, ಮೆಟ್ಟಿಲ ಕೆಳಗೆ ಪಾಠ ಕಲಿತರು. ಆ ಮಕ್ಕಳಲ್ಲಿ ಒಬ್ಬರಾದ ಯಾಸ್ಮಿಂಕೋ ಹಲೀಲೋವಿಚ್ ದೊಡ್ಡವರಾದ ಮೇಲೆ, 2010ರಲ್ಲಿ, ಓರಗೆಯವರಿಗೆಲ್ಲ ಒಂದು ಪ್ರಶ್ನೆ ಕೇಳಿದರು: ನಿಮಗೆ ಯುದ್ಧದ ಬಾಲ್ಯ ಅಂದರೆ ಏನು? ಉತ್ತರ 160 ಅಕ್ಷರ ಮೀರಬಾರದು, ಅಂದರೆ ಒಂದು ಎಸ್ಸೆಮ್ಮೆಸ್ಸಿನಷ್ಟು. ಸಾವಿರಕ್ಕೂ ಜಾಸ್ತಿ ಉತ್ತರ ಬಂದವು. ಅದರಿಂದಲೇ 2017ರಲ್ಲಿ ಅಲ್ಲಿ ಯುದ್ಧಕಾಲದ ಬಾಲ್ಯದ ಮ್ಯೂಸಿಯಂ ತೆರೆಯಿತು. ಒಳಗೆ ಬಂದೂಕು, ಟ್ಯಾಂಕು ಇಲ್ಲ. ಆಟದ ಸಾಮಾನು, ಅಂಗಿ, ಡೈರಿ, ಪರಿಹಾರದ ಪೊಟ್ಟಣದ ಖಾಲಿ ಡಬ್ಬಿ. ಪ್ರತಿಯೊಂದರ ಪಕ್ಕ ಅದರ ಒಡೆಯರ ಪುಟ್ಟ ಕಥೆ. ಅಲ್ಲಿ ನಮ್ಮಜ್ಜಿ ಇದ್ದಿದ್ದರೆ ಒಂದು ಕಣ್ಣಿ ಕೊಟ್ಟು ಬರುತ್ತಿದ್ದಳು.

160 ಅಕ್ಷರದ ಮಿತಿ ನನಗೆ ಬಹಳ ಜಾಣತನ ಅನ್ನಿಸುತ್ತದೆ. ಅಷ್ಟರಲ್ಲಿ ಆರಂಭ, ಕಷ್ಟ, ಗೆಲುವು ಅಂತ ಕಥೆ ಕಟ್ಟಲು ಆಗುವುದಿಲ್ಲ. ನೆನಪು ಚೂರು ಚೂರಾಗಿಯೇ ಬರುತ್ತದೆ. ಭಯಾನಕ ಅನುಭವದ ನೆನಪು ಇರುವುದೂ ಹಾಗೇ. ಒಂದು ವಾಸನೆ, ಒಂದು ಸದ್ದು, ಬೆಲ್ಲದ ಚೂರು. ಅದನ್ನು ಸಾಲಾಗಿ ಜೋಡಿಸಿ 'ಹೀಗಾಯಿತು, ಆದ್ದರಿಂದ ಹೀಗಾಯಿತು' ಅನ್ನುವುದು ಆಮೇಲಿನ ಕೆಲಸ, ಎಷ್ಟೋ ಸಲ ಬೇರೆಯವರ ಕೆಲಸ.

ಭರವಸೆಗೆ ತಾರೀಕು ಹಾಕಿದರೆ ಏನಾಗುತ್ತದೆ ಅನ್ನುವುದಕ್ಕೂ ಒಂದು ಉದಾಹರಣೆ ಇದೆ. ನಾಜಿ ಶಿಬಿರದಲ್ಲಿ ಬದುಕುಳಿದ ವೈದ್ಯ ವಿಕ್ಟರ್ ಫ್ರಾಂಕಲ್ ತಮ್ಮ ಜೊತೆಗಿದ್ದ ಒಬ್ಬ ಕೈದಿಯ ಬಗ್ಗೆ ಬರೆದಿದ್ದಾರೆ. 1945ರ ಮಾರ್ಚ್ 30ಕ್ಕೆ ನಿನ್ನ ಯುದ್ಧ ಮುಗಿಯುತ್ತದೆ ಅಂತ ಅವನಿಗೆ ಕನಸು ಬಿತ್ತು. ದಿನ ಹತ್ತಿರ ಬಂದರೂ ಬಿಡುಗಡೆಯ ಸುಳಿವಿಲ್ಲ. 29ಕ್ಕೆ ಜ್ವರ ಏರಿತು, 30ಕ್ಕೆ ಪ್ರಜ್ಞೆ ತಪ್ಪಿತು, 31ಕ್ಕೆ ಸತ್ತ. ಕಾರಣ ಟೈಫಸ್ ಜ್ವರ. ಮುರಿದ ಭರವಸೆ ಅವನ ಮೈಯ ಶಕ್ತಿಯನ್ನು ಕಿತ್ತುಕೊಂಡಿತು ಅನ್ನುವುದು ಫ್ರಾಂಕಲ್ ಅವರ ಮಾತು. ಒಬ್ಬನ ಸಾವಿನಿಂದ ನಿಯಮ ಕಟ್ಟಲು ಬರುವುದಿಲ್ಲ. ಆದರೆ ಆ ಮಾತು ನನಗೆ ಎಲ್ಲೋ ಕೇಳಿದ ಹಾಗಿತ್ತು.

ಕಂಪ್ಲಿಯಲ್ಲಿ ಅಜ್ಜಿಯ ಮನೆಯವರೂ ಮೊದಲು ತಾರೀಕು ಹಾಕುತ್ತಿದ್ದರಂತೆ. ಕಾರಹುಣ್ಣಿಮೆಗೆ ಊರಿಗೆ ಹೋಗ್ತೀವಿ ಅಂದರು. ಅದು ಹೋಯಿತು. ನಾಗರಪಂಚಮಿಗೆ ಅಂದರು. ಅದೂ ಹೋಯಿತು. ಅವತ್ತು ಅಜ್ಜಿಯ ಅಪ್ಪ ಜೋಲಿ ಹೊಡೆದವನಂತೆ ಗೋಡೆಗೆ ಒರಗಿ ಕೂತವನು, ಎರಡು ದಿನ ಮಾತಾಡಲಿಲ್ಲ. ಅಜ್ಜಿಯ ಅವ್ವ ಮಾತ್ರ ಮೂರನೇ ಹಬ್ಬದ ಹೆಸರು ಹೇಳಲಿಲ್ಲ. ಕಂಪ್ಲಿಯಲ್ಲಿ ವಿಜಯನಗರ ಕಾಲದ ಕಾಲುವೆ ಇವೆ, ಭತ್ತದ ಗದ್ದೆ ಇವೆ. ಅಲ್ಲಿ ನಾಟಿ ಕೆಲಸಕ್ಕೆ ಹೊರಟಳು. ಮಗಳನ್ನೂ ಕರೆದುಕೊಂಡು ಹೋದಳು. ಒಣಬೇಸಾಯದ ಊರಿನ ಹುಡುಗಿ ಮೊದಲ ಸಲ ಕೆಸರಿಗೆ ಇಳಿದಿದ್ದು ಅಲ್ಲೇ. 'ಕಾಲು ಕೆಸರಾಗ ಹೂತ್ರ ನಗು ಬರ್ತಿತ್ತು ತಮ್ಮಾ' ಅನ್ನುತ್ತಿದ್ದಳು. ಎಪ್ಪತ್ತರ ವಯಸ್ಸಿನಲ್ಲೂ ಅದನ್ನು ಹೇಳುವಾಗ ನಗುತ್ತಿದ್ದಳು. ಅದೇ ತಿಂಗಳುಗಳು, ಅದೇ ಕರುವಿನ ಕೊರಗು, ಅದರ ನಡುವೆಯೇ ಈ ನಗು.

ಒಬ್ಬರಾದರೂ ಬೇಕು

ಆ ಅವ್ವ ಇಲ್ಲಿ ಮುಖ್ಯ. ಬದುಕುಳಿದ ಮಕ್ಕಳ ಕಥೆಯನ್ನು ನಾವು ಒಬ್ಬರ ಕಥೆ ಅಂತ ಓದುತ್ತೇವೆ. ಧೈರ್ಯವಂತೆ, ಗಟ್ಟಿಗ ಅಂತ ಬಿರುದು ಕೊಡುತ್ತೇವೆ. ಸಂಶೋಧನೆ ಬೇರೆ ಹೇಳುತ್ತದೆ. ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಜೊತೆಗಾರರು ದಶಕಗಟ್ಟಲೆ ಗಮನಿಸಿದರು. ಅಲ್ಲಿ ಯುದ್ಧ ಇರಲಿಲ್ಲ. ಬಡತನ, ಕುಡಿತ, ಮನೆಯ ಜಗಳ ಇದ್ದವು. ತೀರಾ ಕಷ್ಟದಲ್ಲಿ ಬೆಳೆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರು ಚೆನ್ನಾಗಿ ದಡ ಸೇರಿದರು. ಅಂಥವರ ಬದುಕಿನಲ್ಲಿ ಮತ್ತೆ ಮತ್ತೆ ಕಂಡಿದ್ದು, ಬಿಟ್ಟುಹೋಗದ ಒಬ್ಬ ದೊಡ್ಡವರು. ಅವ್ವನೇ ಆಗಬೇಕಿಲ್ಲ. ಅಜ್ಜಿ, ಸೋದರಮಾವ, ಒಬ್ಬ ಮೇಷ್ಟ್ರು.

ಸಿಯೆರಾ ಲಿಯೋನ್ ಪಾಠ ಇನ್ನೂ ಕಷ್ಟದ್ದು. 1991ರಿಂದ 2002ರ ತನಕ ನಡೆದ ಅಲ್ಲಿನ ಯುದ್ಧದಲ್ಲಿ ಸಾವಿರಾರು ಮಕ್ಕಳ ಕೈಗೆ ಬಂದೂಕು ಕೊಟ್ಟರು. ಕೊಂದವರೂ ಅವರೇ, ಕಳಕೊಂಡವರೂ ಅವರೇ. ತೆರೇಸಾ ಬೆಟನ್‌ಕೋರ್ಟ್ ಎಂಬ ಸಂಶೋಧಕಿ 2002ರಿಂದ ಅಂಥ ಮಕ್ಕಳನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದರು. ಕಾಡಿನಲ್ಲಿ ಏನಾಯಿತು ಅನ್ನುವುದು ಮುಖ್ಯವೇ. ಅಷ್ಟೇ ಮುಖ್ಯವಾಗಿದ್ದು ಹಿಂದಿರುಗಿದ ಮೇಲೆ ಏನಾಯಿತು ಅನ್ನುವುದು. ಮನೆಯವರು, ಊರವರು ಒಳಗೆ ಕರೆದುಕೊಂಡವರು ಚೇತರಿಸಿಕೊಂಡರು. ಬೀದಿಯಲ್ಲಿ ಕಂಡಾಗ ಮುಖ ತಿರುಗಿಸಿಕೊಂಡರೆ ಗಾಯ ಇನ್ನಷ್ಟು ಆಳಕ್ಕೆ ಹೋಯಿತು.

ಇದಕ್ಕೆ ದೂರ ಹೋಗಬೇಕಿಲ್ಲ, ಸಿಂಧನೂರಿಗೆ ಬನ್ನಿ. ನಮ್ಮಲ್ಲಿ 'ಕ್ಯಾಂಪ್' ಅಂದರೆ ಮೊದಲು ನೆನಪಾಗುವುದು ತುಂಗಭದ್ರಾ ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದ ರೈತರ ಊರುಗಳು. ಸಿಂಧನೂರು ತಾಲ್ಲೂಕಿನಲ್ಲಿ ಇನ್ನೊಂದು ಥರದ ಕ್ಯಾಂಪ್‌ಗಳಿವೆ. ಆರ್.ಎಚ್. ಕ್ಯಾಂಪ್ ಅನ್ನುತ್ತಾರೆ, ಪುನರ್ವಸತಿ ಕ್ಯಾಂಪ್. ಪೂರ್ವ ಪಾಕಿಸ್ತಾನದಿಂದ, ಅಂದರೆ ಇವತ್ತಿನ ಬಾಂಗ್ಲಾದೇಶದಿಂದ, ಓಡಿಬಂದ ಬಂಗಾಳಿ ಕುಟುಂಬಗಳನ್ನು 1970ರ ಆಸುಪಾಸಿನಲ್ಲಿ ಇಲ್ಲಿ ನೆಲೆಗೊಳಿಸಿದರು. ನೀರಿನ ನಾಡಿನವರು ಎರೆಭೂಮಿಗೆ ಬಂದರು. ಆಗ ಮಕ್ಕಳಾಗಿದ್ದವರು ಈಗ ಅಜ್ಜ ಅಜ್ಜಿ. ಮೊಮ್ಮಕ್ಕಳು ಮನೆಯಲ್ಲಿ ಬಂಗಾಳಿ, ಸಂತೆಯಲ್ಲಿ ಸಿಂಧನೂರಿನ ಕನ್ನಡ. ದಸರಾ ಬಂದರೆ ದುರ್ಗಾ ಪೂಜೆಯ ಪೆಂಡಾಲು.

ಅಲ್ಲಿ ಭರವಸೆ ಅಂದರೆ ಒಂದು ಕಾಗದವೂ ಹೌದು. ಬಂದು ದಶಕಗಳಾದರೂ ಕೆಲವರ ಕೈಯಲ್ಲಿ ಪೌರತ್ವದ ಪತ್ರ ಇರಲಿಲ್ಲ. 2024ರಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ಅಡಿಯಲ್ಲಿ ಕೆಲವೇ ಕೆಲವರಿಗೆ ಸಿಕ್ಕಿತು. ಸ್ನೈಡರ್ ಹೇಳಿದ ದಾರಿ ಅನ್ನುವುದು ಮನಸ್ಸಿನೊಳಗಿನ ದಾರಿ ಮಾತ್ರ ಅಲ್ಲ. ಕಚೇರಿಯ ಬಾಗಿಲು, ಜಾತಿ ಪ್ರಮಾಣಪತ್ರ, ಪಹಣಿ, ಇವೂ ದಾರಿಗಳೇ. ಬಾಗಿಲು ಮುಚ್ಚಿಟ್ಟುಕೊಂಡು 'ಭರವಸೆ ಕಳಕೋಬೇಡ' ಅಂತ ಭಾಷಣ ಮಾಡಿದರೆ ಆ ಮಾತಿಗೆ ಬೆಲೆ ಎಲ್ಲಿ?

ಇನ್ನು ಮುದಗಲ್ಲಿನ ಮೊಹರಂ. ಲಿಂಗಸುಗೂರು ತಾಲ್ಲೂಕಿನ ಈ ಊರಿಗೆ ಮೊಹರಂಗೆ ಸುತ್ತಲಿನ ಜಿಲ್ಲೆಗಳಿಂದ ಜನ ಕಿಕ್ಕಿರಿದು ಬರುತ್ತಾರೆ, ಹಿಂದೂಗಳೂ ಮುಸ್ಲಿಮರೂ. ಹರಕೆ ಹೊತ್ತವರು ಫಕೀರರಾಗುತ್ತಾರೆ, ಆಲಂಗಳಿಗೆ (ಮೊಹರಂ ದೇವರ ಲಾಂಛನಗಳಿಗೆ) ಸಕ್ಕರೆ ಓದಿಸುತ್ತಾರೆ, ಮನೆಯಲ್ಲಿ ಚೋಂಗೆ ಎಂಬ ಸಿಹಿ ಮಾಡುತ್ತಾರೆ. ಹಾಡುವುದು ಪ್ರವಾದಿಯ ಮೊಮ್ಮಗ ಹುಸೇನ್ ಮತ್ತು ಅವನ ಕಡೆಯವರು ಮಡಿದ 680ರ ಕರ್ಬಲಾದ ಕಥೆ. ಸುತ್ತ ಸೈನ್ಯ, ಪಕ್ಕದಲ್ಲೇ ನದಿ, ಕುಡಿಯಲು ನೀರಿಲ್ಲ. ಆರು ತಿಂಗಳ ಕೂಸು ಅಸ್ಗರ್ ಬಾಣಕ್ಕೆ ಸಾಯುತ್ತದೆ. ಮೀಸೆ ಮೂಡದ ಹುಡುಗ ಕಾಸೀಮ ರಣಕ್ಕೆ ಹೋಗಿ ತಿರುಗಿ ಬರುವುದಿಲ್ಲ. ಈ ಕಥೆಯನ್ನು ಯಾರೂ 644ಕ್ಕೆ ಇಳಿಸಿಲ್ಲ. ಕೂಸಿಗೆ ಕೊನೆಗೂ ನೀರು ಸಿಕ್ಕಿತು ಅಂತ ಒಬ್ಬ ರಿವಾಯತ (ಮೊಹರಂ ಪದ) ಹಾಡುವವನೂ ಹಾಡುವುದಿಲ್ಲ. ಇದ್ದ ಹಾಗೇ ಹಾಡುತ್ತಾರೆ, ಕನ್ನಡದಲ್ಲಿ, ಹೆಜ್ಜೆ ಹಾಕುತ್ತಾ, ಹೆಗಲಿಗೆ ಹೆಗಲು ತಾಗಿಸಿ. ಹತ್ತಿರದವರ ಬೆವರು ಮೈಗೆ ಅಂಟುತ್ತದೆ. ಹೀಗೆ ನೂರಾರು ಜನ ಸೇರಿ ಹೇಳಿದ ಹತಾಶೆ, ಒಬ್ಬರೇ ಮೂಲೆಯಲ್ಲಿ ನುಂಗಿದ ಹತಾಶೆಯ ಹಾಗೆ ಮೈ ತಿನ್ನುವುದಿಲ್ಲ. ಶೇಂಗಾ ಸುಲಿಯುವ ಹೆಂಗಸರ ನಡುವೆ ಅಜ್ಜಿ ಕರು ಬಿಚ್ಚದ ಕಥೆ ಹೇಳುತ್ತಿದ್ದಳಲ್ಲ, ಅದೂ ಇದೇ ಜಾತಿಯದು.

ನಾವು ಕೇಳುವ ರೀತಿ

ಕಥೆ ಕೇಳುವವರಿಗೆ ಒಂದು ಚಟ ಇದೆ. ಕೊನೆಗೆ ಗೆಲ್ಲಬೇಕು. ಪಾಕಿಸ್ತಾನದಲ್ಲಿ ಹೆಣ್ಣುಮಕ್ಕಳ ಓದಿಗಾಗಿ ತಾಲಿಬಾನನ್ನು ಎದುರಿಸಿದ ಮಲಾಲಾ ಅಂದರೆ ನಮಗೆ ನೊಬೆಲ್ ವೇದಿಕೆಯ ಹುಡುಗಿ, 2014, ಹದಿನೇಳು ವರ್ಷ. ಆದರೆ 2009ರ ಜನವರಿ 3ರಂದು, ಹನ್ನೊಂದನೇ ವಯಸ್ಸಿನಲ್ಲಿ, ಗುಲ್ ಮಕಾಯ್ ಎಂಬ ಹೆಸರಿಟ್ಟುಕೊಂಡು ಬಿಬಿಸಿ ಉರ್ದುವಿಗೆ ಬರೆದ ಮೊದಲ ಟಿಪ್ಪಣಿಯ ತಲೆಬರಹವೇ 'ನನಗೆ ಹೆದರಿಕೆ ಆಗುತ್ತಿದೆ'. ಕನಸಿನಲ್ಲಿ ಹೆಲಿಕಾಪ್ಟರ್ ಬಂದಿದ್ದು, ತರಗತಿಯ 27 ಹುಡುಗಿಯರಲ್ಲಿ ಅವತ್ತು ಬಂದಿದ್ದು ಹನ್ನೊಂದೇ ಜನ. ಹೆದರುತ್ತಲೇ ಶಾಲೆಗೆ ಹೋದ ಹುಡುಗಿ ನನಗೆ ವೇದಿಕೆಯ ಹುಡುಗಿಗಿಂತ ಹತ್ತಿರ. ಇನ್ನೊಂದು ಮಾತು. ಶಾಲೆಗೆ ಬಾರದ ಆ ಹದಿನಾರು ಜನ ಏನು ಬರೆದರು? ನಾಜಿಗಳು ಕೊಂದ ಯಹೂದಿ ಮಕ್ಕಳೇ ಸುಮಾರು 15 ಲಕ್ಷ. ನಮಗೆ ಸಿಕ್ಕ ಡೈರಿಗಳು ತೀರಾ ಕಡಿಮೆ. ಬದುಕುಳಿದವರ ಕಥೆ ಓದುವಾಗ, ಉಳಿಯದವರ ಕಥೆ ನಮಗೆ ಸಿಗುವುದೇ ಇಲ್ಲ ಅನ್ನುವುದು ತಲೆಯಲ್ಲಿ ಇರಬೇಕು. ಇಲ್ಲದಿದ್ದರೆ 'ಧೈರ್ಯ ಇದ್ದವರು ಬದುಕಿದರು' ಅನ್ನುವ ಕೆಟ್ಟ ತೀರ್ಮಾನಕ್ಕೆ ಬರುತ್ತೇವೆ.

ಅಂಥ ಮಗು ನಮ್ಮ ಎದುರಿಗೇ ಇದ್ದರೆ? ಏನಾಯಿತು ಹೇಳು ಹೇಳು ಅಂತ ಕೆದಕಬಾರದು. ಘಟನೆ ಆದ ಕೂಡಲೇ ಕೂರಿಸಿ ಎಲ್ಲವನ್ನೂ ಬಾಯಿ ಬಿಡಿಸುವ ಪದ್ಧತಿ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಊಟ, ಮಲಗಲು ಜಾಗ, ತನ್ನವರು ಎಲ್ಲಿದ್ದಾರೆ ಅನ್ನುವ ಸುದ್ದಿ, ಇವು ಮೊದಲು. ಮಾತು ತಾನಾಗೇ ಬಂದರೆ ಸುಮ್ನೆ ಕೇಳಬೇಕು. ಅರ್ಧಕ್ಕೆ ನಿಂತರೆ ನಿಲ್ಲಲಿ. ಚಿತ್ರ ಬರೆದರೆ ಬರೆಯಲಿ, ಆಡಲು ಹೋದರೆ ಹೋಗಲಿ. ತಿಂಗಳುಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಇಲ್ಲವೇ ಸಾಯುವ ಮಾತು ಬಂತು ಅಂದರೆ ತಡ ಮಾಡದೆ ಮಾನಸಿಕ ವೈದ್ಯರ ಹತ್ತಿರ ಹೋಗಬೇಕು.

ನಾನು ಕಾಲೇಜು ಮುಗಿಸಿದ ವರ್ಷ ಅಜ್ಜಿಗೆ ಕಣ್ಣು ಮಂಜಾಗಿತ್ತು. ಅವತ್ತು ಅವಳು ಹೊರಸಿನ ಮೇಲೆ ಕೂತು ಹೊಸ ಕಣ್ಣಿ ಹೊಸೆಯುತ್ತಿದ್ದಳು. ಮನೆಯಲ್ಲಿ ಆಗ ದನವೇ ಇರಲಿಲ್ಲ, ಕೈ ಸುಮ್ಮನಿರಲಿ ಅಂದರೂ ಕೇಳುತ್ತಿರಲಿಲ್ಲ. ಧೈರ್ಯ ಮಾಡಿ ಕೇಳಿದೆ. 'ಅಜ್ಜಿ, ಖರೇ ಹೇಳು. ಕರ ಬಂತೋ ಇಲ್ಲೋ?'

ಅವಳು ಹೊಸೆಯುವುದನ್ನು ನಿಲ್ಲಿಸಲಿಲ್ಲ.

'ಯಾರು ನೋಡ್ಯಾರ ತಮ್ಮಾ. ದಸರಾಕ್ಕ ಊರಿಗೆ ಬಂದ್ವಿ. ಗೂಟ ಇತ್ತು, ಕಣ್ಣಿ ಇರಲಿಲ್ಲ' ಅಂದಳು. ಸ್ವಲ್ಪ ಹೊತ್ತು ಬಿಟ್ಟು, 'ನಾ ಯಾವತ್ತೂ ಗಂಟು ಬಿಗಿ ಹಾಕ್ತಿದ್ದಿಲ್ಲ. ಅದರ ಕೊಳ್ಳಿಗೆ ಒತ್ತತೈತಿ ಅಂತ ಸಡ್ಲ ಹಾಕ್ತಿದ್ದೆ. ಅವತ್ತೂ ಸಡ್ಲೇ ಹಾಕಿದ್ನೇನೋ' ಅಂದಳು.

ಆಮೇಲೆ ಹೊಸೆದ ಕಣ್ಣಿಯ ತುದಿಯನ್ನು ನನ್ನ ಕೈಗೆ ಕೊಟ್ಟು, 'ಹಿಡಿ, ಎಳಿ' ಅಂದಳು.